ಖಾಲಿ ಆಯುಧಕ್ಕೆ ಪೂಜೆಯಿಲ್ಲ

ನಿವೃತ್ತನಾದ ಮೇಲೆ ನನ್ನ ಅಭಿಪ್ರಾಯಕ್ಕೆ ಬೆಲೆ ಬಂದಿದೆ. ನೌಕರಿಯಲ್ಲಿದ್ದಾಗ ‘ಸಿದ್ದರಾಜು, ಎಣ್ಣೆ ಹಾಕು’, ‘ಸಿದ್ದರಾಜು, ಬೀಗ ತೆಗಿ’ ಅನ್ನುವುದರಲ್ಲೇ ಮಾತು ಮುಗಿಯುತ್ತಿತ್ತು. ಈಗ ಹುಣಸೂರಿನ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಕೂತರೆ ಸಾಕು, ಯಾರಾದರೂ ಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. ಅದರಲ್ಲೊಂದು ಪುಟ್ಟ ಪಿಸ್ತೂಲು. ಬಹಳ ವರ್ಷಗಳ ಹಿಂದೆ ಬಂದು, ತಯಾರಿಕೆ ನಿಂತು, ಜನ ಮರೆತೇಬಿಟ್ಟಿದ್ದ ಮಾದರಿ. ಅದನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಈಗ ಮತ್ತೆ ಮಾರಾಟಕ್ಕೆ ಬಿಟ್ಟಿದ್ದಾರೆ. ಅಂಗೈಯಲ್ಲಿ ಅಡಗುತ್ತದೆ, ಜೇಬಿಗೆ ಹಾಕಿಕೊಂಡರೆ ಹೊರಗೆ ಉಬ್ಬು ಕಾಣುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆಯಂತೆ.

“ಯೆಂಗೈತಣ್ಣ ಇದು?”

“ನಿಂಗೆ ಲೈಸೆನ್ಸ್ ಐತೇನ್ಲಾ?”

“ಇಲ್ಲ ಕಣಣ್ಣ. ಸುಮ್ಕೆ ಕೇಳ್ದೆ.”

ಇಂಥವರೇ ಹೆಚ್ಚು. ಅವರಿಗೆ ಟೀ ಕೊಡಿಸಿ ಕಳಿಸುತ್ತೇನೆ. ಆದರೆ ಮೊನ್ನೆ ನಮ್ಮ ಹಳೆಯ ಆಯುಧಾಗಾರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿ, “ಸರ್, ಆ ಪಿಸ್ತೂಲಿನ ಬಗ್ಗೆ ನಿಮ್ಮ ಅಭಿಪ್ರಾಯ ಬರೆದುಕೊಡಿ, ನಮ್ಮ ಬ್ಯಾಚಿನವರೆಲ್ಲ ಓದ್ತೀವಿ” ಅಂದಳು. ಅವಳಿಗೆ ಇಲ್ಲವೆನ್ನಲಾಗಲಿಲ್ಲ. ಬರೆಯಲು ಕೂತರೆ ಪಿಸ್ತೂಲಿಗಿಂತ ಮುಂಚೆ ಶಾಂತಮಲ್ಲಪ್ಪನವರ ಮುಖ ಬಂದು ನಿಲ್ಲುತ್ತದೆ. ಅವರು ಈ ಪಿಸ್ತೂಲಿನ ಹಳೆಯ ಮಾದರಿಯನ್ನು ಇಟ್ಟುಕೊಂಡಿದ್ದವರು. ಈಗ ಅವರ ಮಗ ಪ್ರಸಾದ ಹೊಸದನ್ನು ಕೊಳ್ಳಲು ಹೊರಟಾಗ ಅವನ ತಾಯಿ ಗೌರಮ್ಮ ಬೇಡವೆಂದರು. ತಾಯಿ ಮಗ ಇಬ್ಬರೂ ತೀರ್ಮಾನ ಕೇಳಲು ಬಂದದ್ದು ನನ್ನ ಹತ್ತಿರ. ಆ ಕಥೆಯನ್ನು ಹೇಳದೆ ನನಗೆ ಅಭಿಪ್ರಾಯ ಹೇಳಲು ಬರುವುದಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ, ತಾಳ್ಮೆಯಿರಲಿ.

ನಾನು ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದೆ. ಬಂದೂಕುಗಳನ್ನು ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಮುರಿದದ್ದನ್ನು ಸರಿಮಾಡುವುದು ನನ್ನ ಕೆಲಸ. ಊರವರ ಬಾಯಲ್ಲಿ ‘ಕೋವಿ ಸಿದ್ದರಾಜು’. ಸಿನಿಮಾ ನೋಡಿ ಈ ಕೆಲಸಕ್ಕೆ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಗುಂಡಿಗಿಂತ ಸೀಮೆಎಣ್ಣೆ ಹೆಚ್ಚು. ಬಟ್ಟೆಗೆ ಹತ್ತಿದ ವಾಸನೆ ಹೋಗುವುದಿಲ್ಲ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ, “ನಿಮ್ಮನ್ನ ಒಲೆ ಹತ್ರ ಬುಡಕ್ಕೇ ಭಯ ಆಯ್ತದೆ” ಅನ್ನುತ್ತಿದ್ದಳು.

ಮೈಮುರಿಯುವ ಕೆಲಸ ಅಂದರೆ ಚುನಾವಣೆಯದು. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರು ತಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲ ಕಡೆಗೂ ನಾನು ಓಡಬೇಕು. ಕೋಟೆ ಕಡೆಯ ರೈತರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ, ಸೊಸೆಯನ್ನು ತವರಿಗೆ ಕಳಿಸುವವರ ಹಾಗೆ ಮುಖ ಮಾಡಿಕೊಂಡು ಬರುತ್ತಿದ್ದರು. ಸರಗೂರಿನ ಕಡೆಯ ಒಬ್ಬ ಅಜ್ಜ ಠಾಣೆಯ ಜಗಲಿಯಲ್ಲಿ ನಿಂತು ಜಗಳಕ್ಕೇ ಬಿದ್ದ.

“ಕೋವಿ ಇಲ್ಲಿ ಮಡಿಕೊಂಡ್ರೆ, ಹೊಲಕ್ಕೆ ಆನೆ ಬಂದಾಗ ಓಟಿನ ಚೀಟಿ ತೋರ್ಸಾನಾ ಸಾ?”

ನಾನು ಅವನ ಕೋವಿಯನ್ನು ನಡುವಿನ ಕೀಲಿನಲ್ಲಿ ಮಡಚಿ, ನಳಿಗೆಯ ಬುಡಕ್ಕೆ ನನ್ನ ಹೆಬ್ಬೆರಳಿನ ಉಗುರಿಟ್ಟು ಇನ್ನೊಂದು ತುದಿಯಿಂದ ನೋಡಿದೆ. ಉಗುರಿನ ಮೇಲೆ ಬಿದ್ದ ಬೆಳಕು ನಳಿಗೆಯ ಒಳಗನ್ನೆಲ್ಲ ತೋರಿಸುತ್ತದೆ. ಈಗ ನಿಮಗೆ ಸಣ್ಣ ಟಾರ್ಚು ಕೊಟ್ಟಿದ್ದಾರೆ, ನಮಗೆ ಉಗುರೇ ಟಾರ್ಚು. ಅಂದು ಏನೂ ಕಾಣಲಿಲ್ಲ. ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿತ್ತು. ತೋರಿಸಿದರೆ ಅಜ್ಜ ನಾಚಿಕೊಳ್ಳಲೂ ಇಲ್ಲ. “ಅಂಗಾರೆ ಇಷ್ಟು ದಿನ ಹೊಲ ಕಾಯ್ದಿದ್ದು ಅವೇಯ ಬುಡಿ” ಅಂದ.

ನಗಬೇಡಿ. ಆ ಗೂಡಿನ ಸಮೇತ ಅಜ್ಜ ಗುಂಡು ಹಾರಿಸಿದ್ದರೆ ನಳಿಗೆ ಸೀಳಿ ಮುಖಕ್ಕೇ ಬರುತ್ತಿತ್ತು. ಕೋವಿಯ ಒಳಗು ನೋಡದೆ ಯಾರ ಮಾತನ್ನೂ ನಂಬಬೇಡಿ ಎಂದು ನಮಗೆ ಕಲಿಸಿದವರು ಸತ್ತು ಎಷ್ಟೋ ಕಾಲವಾಯಿತು. ಅವರ ಮಾತು ಮಾತ್ರ ದಿನಾ ನೆನಪಾಗುತ್ತದೆ.

ದಸರಾ ಕಳೆದ ಮೇಲೆ ಬರುವ ಕೋವಿಗಳದ್ದು ಬೇರೆಯೇ ಗೋಳು. ಆಯುಧಪೂಜೆಗೆ ಹಚ್ಚಿದ ವಿಭೂತಿ, ಗಂಧ, ಕುಂಕುಮ ಎಲ್ಲ ಕೀಲುಗಳಲ್ಲಿ ಮೆತ್ತಿ ಒಣಗಿರುತ್ತಿತ್ತು. ಟ್ರಿಗರಿನ ಸಂದಿಯಲ್ಲಿ ಸೇವಂತಿಗೆ ಎಸಳು, ಸ್ಪ್ರಿಂಗಿನಲ್ಲಿ ಅಕ್ಷತೆ. ನಾನು ಸೂಜಿಯಿಂದ ಒಂದೊಂದೇ ಅಕ್ಕಿಕಾಳು ಕೀಳುತ್ತ ಬಂದವರಿಗೆಲ್ಲ ಮಂಗಳಾರತಿ ಎತ್ತುತ್ತಿದ್ದೆ. ಅವರು ತಲೆಬಗ್ಗಿಸಿ ಕೇಳಿಸಿಕೊಂಡು ಮುಂದಿನ ವರ್ಷ ಇನ್ನಷ್ಟು ಅಕ್ಷತೆ ಹಾಕಿ ತರುತ್ತಿದ್ದರು.

ಆಗಲೇ ನನಗೆ ತಿಳಿದದ್ದು, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಖಾಲಿ ಕೋವಿಗೆ ಪೂಜೆ ಮಾಡುವುದಿಲ್ಲ ಎಂದು. ಖಾಲಿ ಕಣಜ, ಖಾಲಿ ಕೊಡ, ಖಾಲಿ ಮೊರ ಯಾವುದನ್ನೂ ದೇವರ ಮುಂದಿಡದ ಜನ ಖಾಲಿ ಕೋವಿಯನ್ನು ಇಡುತ್ತಾರೆಯೇ? ನಳಿಗೆಯಲ್ಲಿ ಒಂದು ತೋಟಾ ತುಂಬಿಸಿ, ಗೋಡೆಯ ಕಡೆ ಮುಖ ಮಾಡಿಟ್ಟು ಪೂಜೆ ಮಾಡುತ್ತಾರೆ. ಮರುದಿನ ಕೋವಿಯನ್ನು ಮಡಚುತ್ತಾರೆ. ಹಿತ್ತಾಳೆಯ ತೋಟಾ ಎದುರಿಗೇ ಹೊಳೆಯುತ್ತದೆ, ತೆಗೆದಿಡುತ್ತಾರೆ. ಕೋವಿಗೆ ಹೊಟ್ಟೆಯಲ್ಲಿರುವುದನ್ನು ಮುಚ್ಚಿಡಲು ಬರುವುದಿಲ್ಲ. ಹಾಗಾಗಿ ತಲೆತಲಾಂತರದಿಂದ ಈ ಪದ್ಧತಿ ಯಾರ ಕೂದಲನ್ನೂ ಕೊಂಕಿಸಿರಲಿಲ್ಲ.

ಪಿಸ್ತೂಲಿನ ಜಾತಿ ಬೇರೆ. ಅದನ್ನು ಮಡಚಲು ಬರುವುದಿಲ್ಲ. ಗುಂಡುಗಳಿರುವ ಡಬ್ಬಿ, ಅಂದರೆ ಮ್ಯಾಗಜಿನ್, ಹಿಡಿಯ ಒಳಗೆ ಕೂರುತ್ತದೆ. ಮೇಲಿನ ಸ್ಲೈಡನ್ನು ಎಳೆದು ಬಿಟ್ಟರೆ ಒಂದು ಗುಂಡು ಡಬ್ಬಿಯಿಂದ ನಳಿಗೆಯ ಬುಡದ ಗೂಡಿಗೆ, ಚೇಂಬರಿಗೆ, ಹೋಗಿ ಕೂರುತ್ತದೆ. ಆಮೇಲೆ ಡಬ್ಬಿಯನ್ನು ಕಿತ್ತು ಅಲ್ಮೇರಾದಲ್ಲಿಟ್ಟರೂ ಆ ಗುಂಡು ಅಲ್ಲೇ ಇರುತ್ತದೆ, ಟ್ರಿಗರ್ ಒತ್ತಿದರೆ ಹಾರುತ್ತದೆ. ನೋಡಿದವರಿಗೆ ಪಿಸ್ತೂಲು ಖಾಲಿ.

ಅಡಗಿಸಿಕೊಂಡು ಓಡಾಡುವ ಈ ಸಣ್ಣ ಪಿಸ್ತೂಲುಗಳನ್ನು ನಾನು ಮೊದಲು ಕಂಡದ್ದು ನಮ್ಮ ಒಬ್ಬ ಸಾಹೇಬರ ಸೊಂಟದಲ್ಲಿ. ಒಳ್ಳೆಯ ಮನುಷ್ಯ, ಆದರೆ ಆ ಪಿಸ್ತೂಲು ಬಂದ ಮೇಲೆ ನಡಿಗೆಯೇ ಬದಲಾಗಿತ್ತು. ಯಾರಿಗೂ ಕಾಣಬಾರದೆಂದು ಅಡಗಿಸಿದ್ದನ್ನು ಎಲ್ಲರಿಗೂ ತಟ್ಟಿ ತೋರಿಸುತ್ತಿದ್ದರು. ಒಮ್ಮೆ ಚುಂಚನಕಟ್ಟೆಗೆ ಬಂದೋಬಸ್ತಿಗೆ ಹೋದಾಗ ಹೊಳೆಯಲ್ಲಿ ಮುಳುಗು ಹಾಕುವ ಮನಸ್ಸಾಯಿತು ಅವರಿಗೆ. ಪಿಸ್ತೂಲನ್ನು ಟವಲಿನಲ್ಲಿ ಸುತ್ತಿ ಬಂಡೆಯ ಮೇಲಿಟ್ಟರು. ಎದ್ದು ಬಂದು ಮೈ ಒರೆಸಿಕೊಳ್ಳಲು ಟವಲು ಕೊಡವಿದರು. ಮುಂದಿನದು ನಿಮಗೆ ಗೊತ್ತಾಯಿತಲ್ಲ. ಕಾವೇರಿಯಲ್ಲಿ ಕತ್ತಿನ ಮಟ್ಟ ನಿಂತು ಕಾಲಿನಿಂದ ಹುಡುಕಿದವನು ನಾನು. ಸಾಹೇಬರು ದಡದಲ್ಲಿ ಒದ್ದೆ ಚಡ್ಡಿಯಲ್ಲಿ ನಿಂತು, “ಮೆತ್ತಗೆ ಸಿದ್ದರಾಜು, ಲೋಡಾಗಿದೆ” ಎನ್ನುತ್ತಿದ್ದರು. ನನ್ನ ಕಾಲಬೆರಳುಗಳು ಅವತ್ತು ಹೇಗಿದ್ದವೋ ಆ ಕಾವೇರಮ್ಮನಿಗೇ ಗೊತ್ತು.

ಸಿಕ್ಕಿತು. ಒರೆಸಿ ಕೊಟ್ಟೆ. “ಯಾಕೆ ಸಾರ್ ಯಾವಾಗಲೂ ಲೋಡ್ ಮಾಡೇ ಇಡ್ತೀರಿ?” ಅಂತ ಕೇಳಿದೆ. “ಸ್ಪ್ರಿಂಗ್ ಬಿಗಿ ಕಣಯ್ಯ, ಸಮಯಕ್ಕೆ ಎಳೆಯೋಕಾಗಲ್ಲ” ಅಂದರು. ಸಣ್ಣ ಪಿಸ್ತೂಲಿನ ತೊಂದರೆ ಇದು, ಬರೆದುಕೊಳ್ಳಿ. ಗಾತ್ರ ಇಳಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಹಿಡಿಯಲು ಜಾಗ ಸಾಲದು. ಹಾಗಾಗಿ ಜನ ಒಮ್ಮೆ ಎಳೆದಿಟ್ಟು ಮರೆತುಬಿಡುತ್ತಾರೆ.

ಇನ್ನು ಶಾಂತಮಲ್ಲಪ್ಪನವರು.

ಹುಣಸೂರಿನಲ್ಲಿ ತಂಬಾಕು ವ್ಯಾಪಾರ ಅವರದು. ಎಲೆಯನ್ನು ಬೆರಳ ಮಧ್ಯೆ ಉಜ್ಜಿ, ಯಾವ ಮಣ್ಣಿನದು, ಎಲೆ ಬೇಯಿಸುವ ಬ್ಯಾರನ್ನಿನಲ್ಲಿ ಎಷ್ಟು ಬೆಂದಿದೆ ಎಂದು ಹೇಳುತ್ತಿದ್ದರು. ಅವರ ತಂದೆಯ ಕಾಲದ ಕೋವಿಯ ತಪಾಸಣೆಗೆ ಹೋಗಿ ಪರಿಚಯವಾಗಿ, ಅದು ಸ್ನೇಹವೇ ಆಯಿತು. ಕೆ.ಆರ್. ನಗರದ ಕಡೆಯ ಕೂಲಿಯವನ ಮಗ ನಾನು, ಅವರ ಮನೆಯ ಪಡಸಾಲೆಯಲ್ಲಿ ಕೂತು ರೊಟ್ಟಿ ತಿನ್ನುವಷ್ಟು ಸಲಿಗೆ. ವ್ಯಾಪಾರದ ಹಣ ತರುವಾಗ ಜೊತೆಗಿರಲಿ ಎಂದು ಈ ಪುಟ್ಟ ಪಿಸ್ತೂಲು ತೆಗೆದುಕೊಂಡರು. ಕೊಳ್ಳುವ ಮುಂಚೆ ನನ್ನನ್ನು ಕರೆಸಿ ಕೇಳಿದರು.

“ಯಂಗಯ್ಯ ಸಿದ್ರಾಜು, ಒಳ್ಳೇದೇ?”

ನಾನು ಬಿಚ್ಚಿ, ನೋಡಿ, ಜೋಡಿಸಿ, “ಒಳ್ಳೇ ಪಿಸ್ತೂಲು ಸಾವ್ಕಾರ್ರೇ” ಅಂದೆ. ಒಳ್ಳೆಯದೇ ಆಗಿತ್ತು. ಡಬ್ಬಿ ತೆಗೆದರೂ ಒಳಗೊಂದು ಗುಂಡು ಉಳಿಯಬಹುದು ಎಂಬುದನ್ನೂ ತೋರಿಸಿಕೊಟ್ಟೆ. ಅವರು ತಲೆಯಾಡಿಸಿದರು.

ಆ ಸಲದ ಆಯುಧಪೂಜೆಗೆ ಪಿಸ್ತೂಲನ್ನೂ ಕೋವಿಯ ಪಕ್ಕದಲ್ಲಿಟ್ಟರು. ಶಾಂತಮಲ್ಲಪ್ಪನವರ ತಾಯಿ ನಂಜಮ್ಮ ಆಗ ಇದ್ದರು. ಡಬ್ಬಿಯಲ್ಲಿ ಗುಂಡಿದೆ ಎಂದರೆ ಮುದುಕಿ ಒಪ್ಪಲಿಲ್ಲ. “ಡಬ್ಬೀಲಿದ್ರೆ ಅದು ಡಬ್ಬಿ ಪೂಜೆ ಆಯ್ತದೆ ಕಣ್ಲಾ. ನಳ್ಗೇಲಿ ಇರ್ಬೇಕು” ಎಂದರಂತೆ. ಮಗ ಸ್ಲೈಡ್ ಎಳೆದು, ಗುಂಡನ್ನು ನಳಿಗೆಗೆ ತಂದು, ತಾಯಿಗೆ ಕೈಮುಗಿದರು. ಪೂಜೆಯಾಯಿತು, ಬೂದುಗುಂಬಳ ಒಡೆದರು.

ಮರುದಿನ ಬೆಳಿಗ್ಗೆ ಅಂಗಡಿಯಿಂದ ಯಾರೋ ಕೂಗಿದರು. ಅವಸರದಲ್ಲಿ ಡಬ್ಬಿ ಎಳೆದು ಅಲ್ಮೇರಾದಲ್ಲಿಟ್ಟು, ಪಿಸ್ತೂಲನ್ನು ಹೆಂಡತಿಯ ಕೈಗೆ ಕೊಟ್ಟು, “ಖಾಲಿ ಮಾಡಿದ್ದೀನಿ ಕಣೇ, ಒರೆಸಿಡು” ಅಂದರು. ಗೌರಮ್ಮ ಎಡಗೈಯಲ್ಲಿ ನಳಿಗೆಯ ತುದಿ ಹಿಡಿದುಕೊಂಡು, ಟ್ರಿಗರಿನ ಸಂದಿಯಲ್ಲಿ ಒಣಗಿದ್ದ ಗಂಧವನ್ನು ಬಟ್ಟೆಯಿಂದ ಉಜ್ಜಿದರು.

ಎಡಗೈಯ ತೋರುಬೆರಳು ಹೋಯಿತು. ಪಕ್ಕದ ಬೆರಳು ಇದ್ದರೂ ಮಡಚಲು ಬಾರದಾಯಿತು.

ಪಿಸ್ತೂಲನ್ನು ಪರೀಕ್ಷೆಗೆ ನನ್ನ ಮೇಜಿಗೇ ತಂದರು. ಗುಂಡು ತಾನಾಗಿ ಹಾರಿತೇ, ಒಳಗೇನಾದರೂ ಸವೆದಿತ್ತೇ ಎಂದು ನೋಡಿ ಹೇಳಬೇಕಿತ್ತು. ಪ್ರತಿ ಭಾಗವನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲಾದರೂ ಒಂದು ಬಿರುಕು, ಒಂದು ಸಡಿಲ ಸ್ಪ್ರಿಂಗ್ ಸಿಗಲಿ ಎಂದು ನಾನು ದೇವರಿಗೆ ಹರಕೆ ಹೊತ್ತದ್ದು ನೌಕರಿಯಲ್ಲಿ ಅದೊಂದೇ ಸಲ. ಸಿಗಲಿಲ್ಲ. ಗಂಧ, ಕುಂಕುಮ, ಒಂದು ಸೇವಂತಿಗೆ ಎಸಳು ಸಿಕ್ಕವು.

ಶಾಂತಮಲ್ಲಪ್ಪನವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು.

“ಅದ್ರಲ್ಲಿ ಏನೂ ದೋಷ ಇಲ್ವೇನಯ್ಯ?”

“ಇಲ್ಲ ಸಾವ್ಕಾರ್ರೇ.”

“ಸರ್ಯಾಗಿ ನೋಡ್ದಾ?”

“ನೋಡ್ದೆ.”

“ಇನ್ನೊಂದ್ಸಲಿ ನೋಡಯ್ಯ.”

ಇನ್ನೊಂದು ಸಲ ನೋಡಿದೆ. ದೋಷ ಇರಲಿಲ್ಲ. ಪಿಸ್ತೂಲಿನಲ್ಲಿ ಇಲ್ಲವೆಂದ ಮೇಲೆ ಆ ದೋಷ ಎಲ್ಲಿಗೆ ಹೋಗಬೇಕು? ಅದು ಅವರ ಎದೆಯಲ್ಲಿ ಹೋಗಿ ಕೂತಿತು. ನಾನು ಹೇಳಿದ್ದು ಸತ್ಯ, ಬೇರೆ ಹೇಳುವಂತಿರಲಿಲ್ಲ. ಆದರೂ ಆ ಸತ್ಯ ಹೇಳುವವನು ನಾನಾಗದೆ ಬೇರೆ ಯಾರಾದರೂ ಆಗಿದ್ದರೆ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಗೌರಮ್ಮ ಹೂ ಕಟ್ಟುವುದರಲ್ಲಿ ಎತ್ತಿದ ಕೈ. ಮಲ್ಲಿಗೆ, ಕನಕಾಂಬರ, ಮರುಗ ಸೇರಿಸಿ ಒತ್ತಾಗಿ ಕಟ್ಟುತ್ತಿದ್ದ ಅವರ ಮಾಲೆಯನ್ನು ಬೀದಿಯ ಮದುವೆಗಳಿಗೆಲ್ಲ ಕೇಳಿ ಒಯ್ಯುತ್ತಿದ್ದರು. ಎಡಗೈಯ ಹೆಬ್ಬೆರಳು ತೋರುಬೆರಳಿನ ಮಧ್ಯೆ ಹೂ ನಿಲ್ಲದಿದ್ದರೆ ಮಾಲೆಯಿಲ್ಲ. ಗಾಯ ಮಾಗಿದ ಮೇಲೆ ಒಂದು ಸಂಜೆ ಹೋದಾಗ ನೋಡುತ್ತೇನೆ, ಶಾಂತಮಲ್ಲಪ್ಪನವರು ಪಡಸಾಲೆಯಲ್ಲಿ ಕಾಲು ಚಾಚಿ, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೂ ಕಟ್ಟುತ್ತಿದ್ದಾರೆ. ಹೆಂಡತಿ ಪಕ್ಕದಲ್ಲಿ ಕೂತು, “ಅಂಗಲ್ಲ, ಗಂಟು ಇನ್ನೂ ಹಿಂದಕ್ಕೆ” ಎಂದು ಹೇಳಿಕೊಡುತ್ತಿದ್ದಾರೆ. ಕಟ್ಟಿದ ಮಾಲೆ ಹಲ್ಲು ಬಿದ್ದ ಬಾಯಿಯ ಹಾಗಿತ್ತು. ಗೌರಮ್ಮ ಅದನ್ನೇ ಮುಡಿದುಕೊಂಡರು.

ಪ್ರತಿ ಸಂಜೆಯೂ ಕಟ್ಟಿದರು. ಕೊನೆಕೊನೆಗೆ ಚೆನ್ನಾಗಿಯೇ ಕಟ್ಟುತ್ತಿದ್ದರು. ಪಿಸ್ತೂಲನ್ನು ಇಲಾಖೆಗೆ ಒಪ್ಪಿಸಿಬಿಟ್ಟರು, ಕೋವಿಯನ್ನೂ. ಆಯುಧಪೂಜೆಯ ದಿನ ಅಂಗಡಿ ಬಾಗಿಲು ಹಾಕಿ ಊರಲ್ಲೇ ಇರುತ್ತಿರಲಿಲ್ಲ. ಆ ವಿಷಯ ನನ್ನ ಹತ್ತಿರ ಮತ್ತೆ ಎತ್ತಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ. ಒಂದೆರಡು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹಾಗೆಯೇ ತೀರಿಕೊಂಡರು.

ಈಗ ಮಗನ ವಿಷಯ. ಪ್ರಸಾದ ಕೋಟೆ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಾನೆ. ಶೋಕಿಯ ಹುಡುಗನಲ್ಲ. ಒಂದು ಸಂಜೆ ಬಂಕಿನಿಂದ ಬರುವಾಗ ದಾರಿಯಲ್ಲಿ ಅಡ್ಡಗಟ್ಟಿ, ಕುತ್ತಿಗೆಗೆ ಮಚ್ಚು ಹಿಡಿದು ಚೀಲ ಕಿತ್ತುಕೊಂಡರು. “ಹಿಂದ್ಗಡೆ ಬೈಕ್ ಸದ್ದಾದ್ರೆ ಸ್ಟೇರಿಂಗ್ ಮ್ಯಾಲೆ ಕೈ ನಿಲ್ಲಲ್ಲ ಸಿದ್ರಾಜಣ್ಣ” ಎಂದು ನನ್ನ ಮುಂದೆ ಹೇಳಿಕೊಂಡ. ಲೈಸೆನ್ಸ್ ಮಾಡಿಸಿಕೊಂಡಿದ್ದ. ಈ ಹೊಸ ಪಿಸ್ತೂಲಿನ ಮೇಲೆ ಮನಸ್ಸಿಟ್ಟಿದ್ದ. ತಾಯಿ ಮಾತ್ರ ಬೇಡವೇ ಬೇಡವೆಂದು ಹಟ ಹಿಡಿದು, ಕೊನೆಗೆ, “ಸಿದ್ರಾಜಣ್ಣ ಏನಂತಾರೋ ಅಂಗೆ ಮಾಡು” ಎಂದುಬಿಟ್ಟಿದ್ದರು.

ಮೈಸೂರಿನ ಅಂಗಡಿಗೆ ಅವನ ಜೊತೆ ಹೋಗಿ ನೋಡಿದೆ. ಮೊಬೈಲಿನಲ್ಲಿ ಮಾತಾಡುವ ಪಂಡಿತರು ಹೇಳುವುದು ಸುಳ್ಳಲ್ಲ. ಹಿಡಿ ಮೊದಲಿಗಿಂತ ಚೆನ್ನಾಗಿ ಕೂರುತ್ತದೆ, ಸ್ಪ್ರಿಂಗ್ ಸ್ವಲ್ಪ ಮೆದುವಾಗಿದೆ. ಮುಖ್ಯವಾಗಿ, ಚೇಂಬರಿನಲ್ಲಿ ಗುಂಡಿದ್ದರೆ ಮೇಲುಗಡೆ ಒಂದು ಸಣ್ಣ ಕಡ್ಡಿ ತಲೆಯೆತ್ತುತ್ತದೆ. ಕಣ್ಣಿಗೂ ಕಾಣುತ್ತದೆ, ಬೆರಳಿಗೂ ತಗಲುತ್ತದೆ. ಹಳೆಯದರಲ್ಲಿ ಅದಿರಲಿಲ್ಲ. ಅಂಗಡಿಯಲ್ಲೇ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಒಂದು ಅಕ್ಕಿಕಾಳಿನಷ್ಟು ಕಬ್ಬಿಣ, ಎಷ್ಟು ತಡವಾಗಿ ಬಂತು!

ಮನೆಗೆ ಬಂದು ಗೌರಮ್ಮನ ಎದುರು ಕೂತೆ.

“ಯಂಗೈತೆ ಕಣಣ್ಣ?”

“ಒಳ್ಳೇ ಪಿಸ್ತೂಲೇ ಕಣಮ್ಮ.”

“ಅವ್ರಿಗೂ ಅದೇ ಹೇಳಿದ್ರಿ.”

ಅವರು ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಪ್ರಸಾದ ನಡುವೆ ಬಾಯಿ ಹಾಕಿ, ಆ ಕಡ್ಡಿಯ ವಿಷಯ ವಿವರಿಸಿದ. ಗೌರಮ್ಮ ಪೂರ್ತಿ ಕೇಳಿದರು.

“ಮ್ಯಾಲೆ ಗಂಧ ಮೆತ್ತಿದ್ರೆ ಆ ಕಡ್ಡಿ ಕಾಣ್ತದಾ?”

ಪ್ರಸಾದ ನನ್ನ ಮುಖ ನೋಡಿದ. ನಾನು ಸುಳ್ಳು ಹೇಳಲಿಲ್ಲ. “ಕಾಣಲ್ಲ ಕಣಮ್ಮ. ಒಣಗಿದ್ರೆ ಅಲ್ಲಾಡೋದೂ ಇಲ್ಲ” ಅಂದೆ. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಒಂದು ಬೈಕು ಜೋರಾಗಿ ಹೋಯಿತು. ಪ್ರಸಾದನ ಭುಜ ಕುಗ್ಗಿ ಹೋದದ್ದನ್ನು ನಾನೂ ಕಂಡೆ, ತಾಯಿಯೂ ಕಂಡರು. ಅವರು “ತಕ್ಕೊಳ್ಳಪ್ಪ” ಎಂದು ಎದ್ದು ಒಳಗೆ ಹೋದರು.

ಹೊಸದಾಗಿ ಕೆಲಸಕ್ಕೆ ಬಂದವರೇ, ಪಿಸ್ತೂಲಿನ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಿದವರಿಗೆ ಸ್ಪ್ರಿಂಗು, ನಳಿಗೆ, ಗುರಿ ಎಲ್ಲ ಹೇಳಿ. ಆದರೆ ಹೇಳುವ ಮುಂಚೆ ಅವರನ್ನು, ನಿಮ್ಮ ಮನೆಯಲ್ಲಿ ಆಯುಧಪೂಜೆ ಹೇಗೆ ಮಾಡುತ್ತೀರಿ, ಅದನ್ನು ಒರೆಸಿಡುವವರು ಯಾರು ಎಂದು ಒಂದು ಮಾತು ಕೇಳಿ. ನನಗೆ ಇದನ್ನು ಯಾವ ತರಬೇತಿಯಲ್ಲೂ ಯಾರೂ ಕಲಿಸಲಿಲ್ಲ.

ಕಳೆದ ಆಯುಧಪೂಜೆಯ ಬೆಳಿಗ್ಗೆ ಗೌರಮ್ಮ ನನಗೆ ಕಾರು ಕಳಿಸಿದರು. ಅವರ ಮನೆಯಲ್ಲಿ ಆ ಪೂಜೆ ನಡೆದು ಎಷ್ಟೋ ಕಾಲವಾಗಿತ್ತು. ಮಣೆಯ ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಪಿಸ್ತೂಲು, ಇನ್ನೂ ಗಂಧ ಮುಟ್ಟಿಸಿರಲಿಲ್ಲ.

“ಖಾಲಿ ಮಾಡಿ ನಂಗೆ ತೋರ್ಸಿ ಕಣಣ್ಣ” ಅಂದರು.

ಡಬ್ಬಿ ತೆಗೆದೆ. ಸ್ಲೈಡ್ ಎಳೆದು ಹಿಡಿದು, ಅಭ್ಯಾಸದಂತೆ ಹೆಬ್ಬೆರಳಿನ ಉಗುರನ್ನು ಚೇಂಬರಿಗೆ ಒಡ್ಡಿದೆ. ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ, ನಳಿಗೆಯ ಒಳಗೆ ನನ್ನ ಉಗುರಿನ ಬೆಳಕನ್ನು ನೋಡಿದರು. ಆಮೇಲೆ ಡಬ್ಬಿಯಲ್ಲಿದ್ದ ಗುಂಡುಗಳನ್ನೂ ತೆಗೆಸಿದರು. ಬರಿದಾದ ಡಬ್ಬಿಯನ್ನು ಎಡಗೈಯ ಉಳಿದ ಬೆರಳುಗಳಲ್ಲಿ ಹಿಡಿದು, ತಟ್ಟೆಯಿಂದ ನಾಲ್ಕು ಕಾಳು ಅಕ್ಷತೆ ತೆಗೆದು ಅದರೊಳಕ್ಕೆ ಹಾಕಿದರು.

“ಖಾಲಿ ಇಡ್ಬಾರ್ದು ಅಂತಿದ್ರಲ್ಲ ನಮ್ಮತ್ತೆ. ಈಗ ಖಾಲಿ ಇಲ್ಲ” ಅಂದರು. ಆಮೇಲೆ ಗೋಡೆಯ ಮೇಲಿದ್ದ ಗಂಡನ ಪಟದ ಕಡೆ ನೋಡಿ, “ಅವತ್ತು ಇದು ಯಾರ್ಗೂ ಹೊಳೀಲೇ ಇಲ್ಲ ನೋಡಿ” ಅಂದರು.

ಜೀವಮಾನವಿಡೀ ಬಂದೂಕುಗಳಿಂದ ಅಕ್ಕಿಕಾಳು ಕಿತ್ತು ಬೈದವನು ನಾನು, ಆ ಕಾಳುಗಳ ಸಮೇತ ಡಬ್ಬಿಯನ್ನು ಪಿಸ್ತೂಲಿಗೆ ಸೇರಿಸಿ ಮಣೆಯ ಮೇಲಿಟ್ಟೆ. ಆ ನಾಲ್ಕು ಕಾಳು ಅಕ್ಕಿ ಅವತ್ತೇ ಹೊಳೆದಿದ್ದರೆ ಶಾಂತಮಲ್ಲಪ್ಪನವರು ಹೂ ಕಟ್ಟುವುದನ್ನು ಕಲಿಯಬೇಕಾಗಿರಲಿಲ್ಲ.